ಕೇಶವಣ್ಣನ ಡಿಪ್

ಡಿಪ್ ಅಂದರೆ ಏನು ಎಂದು ಯಾರಾದರೂ ಕೇಳಿದರೆ ಚನ್ನಕೇಶವ ಮೊದಲು ಅವರನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡುತ್ತಿದ್ದ. ಇಷ್ಟು ವರ್ಷ ಗಾಡಿಗೆ ಪೆಟ್ರೋಲ್ ಹಾಕಿಸಿಕೊಂಡು ಓಡಾಡಿದವರಿಗೆ ಇದೂ ತಿಳಿಯದೇ ಎಂಬ ಬೇಸರ ಆ ನೋಟದಲ್ಲಿರುತ್ತಿತ್ತು. ಆಮೇಲೆ ಕೈಯೊರೆಸಿಕೊಂಡು, ಪಾಠ ಹೇಳುವವನ ಹಾಗೆ ನಿಲ್ಲುತ್ತಿದ್ದ.

‘ನೀವು ನಿಂತಿದೀರಲ್ಲ ಸಾರ್, ಅದರ ಕೆಳಗೇ ಟ್ಯಾಂಕ್ ಇರೋದು. ಒಳಗೆ ಎಷ್ಟಿದೆ, ಏನಿದೆ ಅಂತ ನಿಮಗೂ ಕಾಣಲ್ಲ, ನನಗೂ ಕಾಣಲ್ಲ. ಅದಕ್ಕೇ ಕೋಲು ಇಳಿಸಿ ನೋಡೋದು. ಅದೇ ಡಿಪ್ಪು.’

ಕೋಲು ಎಂದರೆ ಹಿತ್ತಾಳೆಯ ಉದ್ದನೆಯ ಸರಳು, ಅದರ ಮೈತುಂಬ ಅಳತೆಯ ಗೆರೆಗಳು. ದಿನಾ ಬೆಳಿಗ್ಗೆ ಆರು ಗಂಟೆಗೆ ಮುಂಚೆ ಅದರ ತುದಿಗೆ ಒಂದಿಷ್ಟು ಪೇಸ್ಟ್ ಸವರಿ ಟ್ಯಾಂಕಿನ ಬಾಯಲ್ಲಿ ಇಳಿಬಿಡಬೇಕು. ತಳ ಮುಟ್ಟಿದ್ದು ಕೈಗೇ ತಿಳಿಯುತ್ತದೆ. ಮೇಲೆಳೆದು ನೋಡಿದರೆ ಪೆಟ್ರೋಲ್ ಎಷ್ಟು ಎತ್ತರಕ್ಕಿದೆ ಎಂದು ಗೆರೆ ಹೇಳುತ್ತದೆ, ತಳದಲ್ಲಿ ನೀರು ಸೇರಿದೆಯೇ ಎಂದು ಪೇಸ್ಟ್ ಹೇಳುತ್ತದೆ. ನೀರು ತಾಗಿದರೆ ಪೇಸ್ಟ್ ಕೆಂಪಗಾಗುತ್ತದೆ, ಇಲ್ಲದಿದ್ದರೆ ಇಲ್ಲ. ಇದನ್ನೆಲ್ಲ ತಾನೇ ತೋರಿಸುವ ಒಂದು ಪರದೆ ಆಫೀಸಿನೊಳಗೆ ಬಂದು ಕೂತಿತ್ತು ನಿಜ. ಆದರೆ ಜೋರಾಗಿ ಗುಡುಗಿದರೆ ಸಾಕು, ಅದು ಕಪ್ಪಾಗಿಬಿಡುತ್ತಿತ್ತು. ಚನ್ನಕೇಶವ ಅದನ್ನು ‘ಟೀವಿ’ ಎಂದು ಕರೆಯುತ್ತಿದ್ದ.

ಡಿಪ್ ಮುಗಿದು, ಕೋಲನ್ನು ಬಟ್ಟೆಯಿಂದ ಒರೆಸುತ್ತ ಅವನು ‘ನೀರಿಲ್ಲ, ಬಿಡ್ರಪ್ಪಾ!’ ಎಂದು ಕೂಗಿದ ಮೇಲೆಯೇ ಮೈಸೂರು ರಸ್ತೆಯ ಆ ಬಂಕಿನಲ್ಲಿ ಮೊದಲನೇ ಗಾಡಿಗೆ ಪೆಟ್ರೋಲ್. ಕೂಗು ಬರುವ ಮೊದಲು ಯಾರ ಕಾರು ಬಂದು ನಿಂತರೂ ಕಾಯಲೇಬೇಕು. ಇಪ್ಪತ್ತೊಂಬತ್ತು ವರ್ಷ ಇದೇ ನಡೆದುಕೊಂಡು ಬಂದಿತ್ತು.

ಅವನು ಕೆಂಗೇರಿಯವನೇ. ತಂದೆ ರಾಗಿ, ಅವರೆ ಬೆಳೆಯುತ್ತಿದ್ದ ಎರಡು ಎಕರೆಯ ಮೇಲೆ ಈಗ ಮೂರಂತಸ್ತಿನ ಮನೆಗಳು ಒತ್ತೊತ್ತಾಗಿ ನಿಂತಿವೆ. ಉಳಿದ ದಾಯಾದಿಗಳು ಸೈಟು ಮಾಡಿ, ಬಾಡಿಗೆಗೆ ಮನೆ ಕಟ್ಟಿ, ಬಿಳಿ ಅಂಗಿ ತೊಟ್ಟು ಓಡಾಡುವ ಹೊತ್ತಿಗೆ ಇವನ ಪಾಲಿಗೆ ಬಂದದ್ದು ಒಂದು ಪುಟ್ಟ ಮನೆ ಮತ್ತು ಬಂಕಿನ ಖಾಕಿ ಅಂಗಿ. ಅದಕ್ಕೆ ಅವನು ಹೆಚ್ಚು ಕೊರಗಿದವನೂ ಅಲ್ಲ. ಕೋಲು ಕೈಗೆ ಕೊಟ್ಟವರು ಬಂಕಿನ ಹಿಂದಿನ ಯಜಮಾನರು. ‘ಈ ಕೋಲು ಹಿಡಿಯೋನು ಅನುಮಾನದ ಮನುಷ್ಯ ಆಗಿರ್ಬೇಕು ಕಣೋ. ಡಿಪೋ ಮೇಲೆ ಅನುಮಾನ, ಟ್ಯಾಂಕರ್ ಮೇಲೆ ಅನುಮಾನ, ಮಳೆ ಮೇಲೆ ಅನುಮಾನ. ಎಲ್ಲಕ್ಕಿಂತ ಹೆಚ್ಚಾಗಿ ನಿನ್ನ ಮೇಲೆ’ ಎಂದಿದ್ದರು. ಚನ್ನಕೇಶವ ಈ ಮಾತನ್ನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಹೇಳುತ್ತಿದ್ದ. ಹೇಳುತ್ತ ಹೇಳುತ್ತ, ವರ್ಷ ಕಳೆದ ಹಾಗೆ, ಕೊನೆಯ ಮಾತು ಎಲ್ಲೋ ಬಿಟ್ಟುಹೋಗಿತ್ತು.

ಡಿಪ್ ಎಂಬ ಮಾತು ಬಂಕಿನ ಗೇಟು ದಾಟಿ ಅವನ ಮನೆಯೊಳಗೂ ಬಂದು ಸೇರಿಕೊಂಡಿತ್ತು. ಹೆಂಡತಿ ವೆಂಕಟಲಕ್ಷ್ಮಮ್ಮ ಅಕ್ಕಿ ಡ್ರಮ್ಮಿಗೆ ಸೌಟಿನ ಹಿಡಿ ಇಳಿಸಿ, ‘ರೀ, ಅಕ್ಕಿ ಡಿಪ್ ನೋಡ್ದೆ, ಇನ್ನು ನಾಲ್ಕೇ ದಿನಕ್ಕೆ’ ಎನ್ನುತ್ತಿದ್ದಳು. ಸಿಲಿಂಡರಿನ ಹೊಟ್ಟೆಗೆ ಒದ್ದೆ ಬಟ್ಟೆ ಸವರಿ, ಯಾವ ಗೆರೆಯವರೆಗೆ ಬೇಗ ಒಣಗುತ್ತದೆ ಎಂದು ಕಾದು ನೋಡುವುದು ಗ್ಯಾಸ್ ಡಿಪ್. ಬಸವೇಶ್ವರನಗರಕ್ಕೆ ಮದುವೆಯಾಗಿ ಹೋದ ಮಗಳು ದಿವ್ಯ ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ತೆಗೆದು, ‘ಅಪ್ಪಾ, ಡಿಪ್ ಹಾಕ್ದೆ, ನೂರೊಂದು ಇದೆ’ ಎಂದು ಫೋನ್ ಮಾಡುತ್ತಿದ್ದಳು. ಜ್ವರದ ಸುದ್ದಿಗೆ ನಗಬಾರದು ಎಂದು ಗೊತ್ತಿದ್ದರೂ ಅವನಿಗೆ ನಗು ಬರುತ್ತಿತ್ತು. ಬೀದಿಯಲ್ಲಂತೂ ಅವನು ಡಿಪ್ ಕೇಶವಣ್ಣನೇ. ಹೆಮ್ಮೆ ಇತ್ತು ಅವನಿಗೆ, ಸುಳ್ಳು ಯಾಕೆ ಹೇಳಬೇಕು. ಬಂಕಿನ ಹೆಸರು ನೋಡದೆ, ಒಳಗೆ ಕೇಶವಣ್ಣ ಇದ್ದಾನೆಯೇ ಎಂದು ನೋಡಿ ಗಾಡಿ ತಿರುಗಿಸುವವರು ಇದ್ದರು. ಸ್ಯಾಟಲೈಟ್ ಟೌನಿನ ನಿವೃತ್ತ ಮೇಷ್ಟ್ರು ಸೇತುರಾಮರು ಅಂಥವರಲ್ಲಿ ಒಬ್ಬರು.

ಆಮೇಲೆ ಪೆಟ್ರೋಲೇ ಬದಲಾಯಿತು. ಕಬ್ಬಿನಿಂದ ತೆಗೆದ ಎಥನಾಲ್ ಬೆರೆಸಿದ ಪೆಟ್ರೋಲ್ ಬಂತು, ಮೊದಲು ಸ್ವಲ್ಪ, ಬರಬರುತ್ತ ಐದರಲ್ಲಿ ಒಂದು ಪಾಲು. ಪೆಟ್ರೋಲ್ ಕಂಪನಿಯಿಂದ ದಿವ್ಯಳಿಗಿಂತ ಚಿಕ್ಕ ವಯಸ್ಸಿನ ಆಫೀಸರ್ ಒಬ್ಬ ಬಂದು ಎಲ್ಲರನ್ನೂ ಕೂರಿಸಿ ಪಾಠ ಮಾಡಿದ. ಹಳೇ ಪೆಟ್ರೋಲಿನಲ್ಲಿ ನೀರು ಬೇರೆಯಾಗಿ ತಳದಲ್ಲಿ ಕೂರುತ್ತಿತ್ತು, ಸುಲಭವಾಗಿ ಸಿಕ್ಕಿಬೀಳುತ್ತಿತ್ತು. ಹೊಸದರಲ್ಲಿ ನೀರು ಎಥನಾಲ್ ಜೊತೆ ಸೇರಿಕೊಂಡು, ಎರಡೂ ಒಟ್ಟಿಗೆ ತಳಕ್ಕೆ ಇಳಿದು ಕೂರುತ್ತವೆ. ಹಳೇ ಪೇಸ್ಟಿಗೆ ಅದು ಕಾಣುವುದಿಲ್ಲ. ಇನ್ನು ಮೇಲೆ ಈ ಹೊಸ ಪೇಸ್ಟನ್ನೇ ಹಚ್ಚಬೇಕು ಎಂದು ಒಂದು ಪೆಟ್ಟಿಗೆ ಟ್ಯೂಬು ಕೊಟ್ಟು ಹೋದ.

ಚನ್ನಕೇಶವ ಕೆಲವು ತಿಂಗಳು ಅದನ್ನೇ ಹಚ್ಚಿದ. ಅದು ಅವನಿಗೆ ಒಗ್ಗಲಿಲ್ಲ. ಹಳೆಯದು ಕೆಂಪೆಂದರೆ ಕೆಂಪು, ಇಲ್ಲವೆಂದರೆ ಇಲ್ಲ. ಹೊಸದಕ್ಕೆ ಕಾಯಬೇಕು, ತಿರುಗಿಸಿ ಮುರುಗಿಸಿ ನೋಡಬೇಕು, ನೋಡಿದ ಮೇಲೂ ಹೌದೋ ಅಲ್ಲವೋ. ಒಂದು ಸಲ ಬಣ್ಣ ಬಂದಂತೆ ಕಂಡು ಅವನು ಅರ್ಧ ದಿನ ಮಾರಾಟ ನಿಲ್ಲಿಸಿದ್ದ. ಆಮೇಲೆ ನೋಡಿದರೆ ಟ್ಯಾಂಕಿನಲ್ಲಿ ಏನೂ ಇರಲಿಲ್ಲ, ಅವನ ಕೈಯೇ ಒದ್ದೆಯಾಗಿತ್ತಂತೆ. ಈಗಿನ ಯಜಮಾನ ಮೋಹನ್ ಕುಮಾರ್, ಹಿಂದಿನವರ ಮಗ, ಎಲ್ಲರೆದುರು ‘ವಯಸ್ಸಾಯ್ತು ಬಿಡಿ ಕೇಶವಣ್ಣ’ ಎಂದು ನಕ್ಕಿದ್ದ. ಮಾರನೆಯ ದಿನದಿಂದ ಚನ್ನಕೇಶವ ಬೀರುವಿನ ಹಿಂದೆ ಉಳಿದಿದ್ದ ಹಳೇ ಟ್ಯೂಬುಗಳಿಗೆ ವಾಪಸ್ಸು ಹೋದ. ಅದು ಯಾರಿಗೂ ಗೊತ್ತಾಗಲಿಲ್ಲ, ಪಂಪಿನಲ್ಲಿ ಕೆಲಸ ಮಾಡುವ ಕುಸುಮಾ ಒಬ್ಬಳಿಗೆ ಬಿಟ್ಟು. ಅವಳಿಗೆ ಯಾವುದೂ ಕಣ್ತಪ್ಪುತ್ತಿರಲಿಲ್ಲ.

ಆ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಬಾಳೇಶ ಲೋಡು ತಂದ. ಗೋಕಾಕ ಕಡೆಯವನು, ಟ್ಯಾಂಕರ್ ಡ್ರೈವರ್. ಹನ್ನೆರಡು ವರ್ಷದಿಂದ ಹೊಸಕೋಟೆ ಕಡೆಯ ಡಿಪೋದಿಂದ ಈ ಬಂಕಿಗೆ ಅವನದೇ ಲಾರಿ. ಲೋಡು ಇಳಿಸುವ ಮೊದಲು ಟ್ಯಾಂಕರಿನೊಳಗೂ ಡಿಪ್ ಹಾಕಬೇಕು, ಡ್ರೈವರ್ ಪಕ್ಕದಲ್ಲೇ ನಿಂತು ನೋಡಬೇಕು. ಇದು ನಿಯಮ. ಆದರೆ ಚನ್ನಕೇಶವ ಲಾರಿ ಹತ್ತಿದರೆ ಬಾಳೇಶ ಎದುರಿನ ಅಂಗಡಿಯಲ್ಲಿ ಎರಡು ಟೀ ಹೇಳಿ ಕೂರುತ್ತಿದ್ದ. ‘ಅಣ್ಣಾರು ನೋಡಿದ್ಮ್ಯಾಲೆ ನಾ ಯಾಕ ಹತ್ತಬೇಕ್ರಿ ಮ್ಯಾಲೆ’ ಎನ್ನುತ್ತಿದ್ದ. ಆ ದಿನವೂ ಹಾಗೇ ಆಯಿತು. ಡಿಪ್ ಹಾಕಿ, ಪ್ರತಿ ಲೋಡಿನಿಂದ ತೆಗೆದಿಡುವ ಸ್ಯಾಂಪಲ್ ಬಾಟ್ಲಿಗೆ ಸೀಲು ಹಾಕಿ, ಚನ್ನಕೇಶವ ಇಳಿದು ಬರುವ ಹೊತ್ತಿಗೆ ಟೀ ಸರಿಯಾದ ಬಿಸಿಗೆ ಬಂದಿತ್ತು.

ಲಾರಿ ಹೋದ ಮೇಲೆ ಸಂಜೆ ಮಳೆ ಶುರುವಾಯಿತು. ಮೈಸೂರು ರಸ್ತೆ ತುಂಬಿ ಹರಿಯಿತು. ಮೆಟ್ರೋ ಕಂಬಗಳ ನಡುವೆ ಕಾರುಗಳು ಅರ್ಧ ಮುಳುಗಿ ನಿಂತವು. ಬಂಕಿನ ಅಂಗಳದಲ್ಲಿ ಮೊಣಕಾಲುದ್ದ ನೀರು. ಕೋಲು ಇಳಿಸುವ ಬಾಯಿ ಎತ್ತರದ ಕಟ್ಟೆಯ ಮೇಲಿದೆ, ಆದರೆ ಟ್ಯಾಂಕಿಗೆ ಪೆಟ್ರೋಲ್ ಇಳಿಸುವ ಬಾಯಿ ನೆಲದೊಳಗಿನ ಒಂದು ಗುಂಡಿಯಲ್ಲಿರುತ್ತದೆ. ಅದರ ಮುಚ್ಚಳಕ್ಕೆ ಒಂದು ರಬ್ಬರ್ ಬಳೆ. ಆ ರಬ್ಬರ್ ಹರಿದಿದೆ, ಬದಲಾಯಿಸಿ ಎಂದು ಚನ್ನಕೇಶವ ಮೂರು ತಿಂಗಳಲ್ಲಿ ಮೂರು ಸಲ ಹೇಳಿದ್ದ. ಮೋಹನ್ ಕುಮಾರ್ ಮೂರು ಸಲವೂ ‘ನೋಡೋಣ’ ಎಂದಿದ್ದ.

ಬುಧವಾರ ಬೆಳಿಗ್ಗೆ ನೀರು ಇಳಿದಿತ್ತು, ಗುಂಡಿ ಮಾತ್ರ ತುಂಬಿಯೇ ಇತ್ತು. ಆಫೀಸಿನ ಟೀವಿ ಕಪ್ಪಾಗಿತ್ತು. ಚನ್ನಕೇಶವ ಜೇಬಿನಿಂದ ಟ್ಯೂಬು ತೆಗೆದು ಕೋಲಿಗೆ ಸವರಿದ. ಎಂದಿಗಿಂತ ಹೆಚ್ಚು ಹೊತ್ತು ಟ್ಯಾಂಕಿನೊಳಗೆ ನಿಲ್ಲಿಸಿದ. ಮೇಲೆಳೆದು ನೋಡಿದ. ಕೆಂಪಿಲ್ಲ. ಇನ್ನೊಮ್ಮೆ ಇಳಿಸಿದ. ಆಗಲೂ ಇಲ್ಲ.

ಕುಸುಮಾ ಹತ್ತಿರ ಬಂದಳು. ‘ಅಣ್ಣಾ, ಇಷ್ಟೊಂದು ಮಳೆ ಬಂದಿದೆ. ಹೊಸ ಪೇಸ್ಟ್ ಹಚ್ಚಿ ಒಂದ್ಸಲ ನೋಡೋಣ್ವಾ?’

‘ನಾನು ಎರಡು ಸಲ ನೋಡಿದೀನಿ.’

‘ಹೌದು ಅಣ್ಣ, ಆದ್ರೂ...’

‘ಏನಮ್ಮಾ ಆದ್ರೂ? ಇಪ್ಪತ್ತೊಂಬತ್ತು ವರ್ಷ ನಾನು ಇಲ್ಲಿ ಕಡ್ಲೆಕಾಯಿ ತಿಂತಾ ಕೂತಿದ್ನಾ? ಹೋಗು, ಪಂಪಿನ ಹತ್ರ ಹೋಗು.’

ಅವಳು ಪಂಪಿನ ಹತ್ತಿರ ಹೋದಳು. ರಸ್ತೆಯಲ್ಲಿ ಆಗಲೇ ಆರೇಳು ಗಾಡಿಗಳು ನಿಂತಿದ್ದವು. ಚನ್ನಕೇಶವ ಕೋಲು ಒರೆಸುತ್ತ ಎಂದಿಗಿಂತ ಗಟ್ಟಿಯಾಗಿ ಕೂಗಿದ. ‘ನೀರಿಲ್ಲ, ಬಿಡ್ರಪ್ಪಾ!’

ಎಂಟು ಗಂಟೆಗೆ ಮೊದಲನೇ ಬೈಕು ತಳ್ಳಿಕೊಂಡು ವಾಪಸ್ಸು ಬಂತು. ಅದರ ಹಿಂದೆ ಒಂದು ಆಟೋ. ಎಂಟೂವರೆಗೆ ಬಂಕಿನ ಮುಂದೆ ಇಪ್ಪತ್ತು ಗಾಡಿ, ಒಂಬತ್ತಕ್ಕೆ ಎಣಿಸುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಬೈಗುಳ, ಎಲ್ಲರ ಕೈಯಲ್ಲೂ ವಿಡಿಯೋ ತೆಗೆಯುವ ಫೋನು. ಯಾರೋ ಒಬ್ಬ ತನ್ನ ಬೈಕಿನ ಪೆಟ್ರೋಲನ್ನು ನೀರಿನ ಬಾಟ್ಲಿಗೆ ಇಳಿಸಿ ಎತ್ತಿ ಹಿಡಿದ. ಕೆಳಗೆ ಬೇರೆ, ಮೇಲೆ ಬೇರೆ, ಎರಡು ಪದರ ಕಾಣುತ್ತಿತ್ತು. ಚನ್ನಕೇಶವ ಆ ಬಾಟ್ಲಿಯನ್ನು ನೋಡಿದ. ಅವನಿಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು. ಕೈಯಲ್ಲಿದ್ದ ಬಟ್ಟೆ ಎಲ್ಲಿ ಬಿತ್ತೋ ಅವನಿಗೆ ನೆನಪಿಲ್ಲ.

ಗುಂಪಿನ ಹಿಂದಿನಿಂದ ಸೇತುರಾಮ ಮೇಷ್ಟ್ರು ಸ್ಕೂಟರ್ ತಳ್ಳುತ್ತ ಬಂದರು. ಎಪ್ಪತ್ತೆರಡು ವಯಸ್ಸು, ಅಂಗಿ ಬೆವರಿಗೆ ಅಂಟಿತ್ತು. ಮೊಮ್ಮಗಳು ಇಂಚರಾಗೆ ಒಂಬತ್ತು ಗಂಟೆಗೆ ಪರೀಕ್ಷೆಯಂತೆ. ನಡುರಸ್ತೆಯಲ್ಲಿ ಸ್ಕೂಟರ್ ನಿಂತು, ಹಿಂದೆ ಬರುತ್ತಿದ್ದ ಬಸ್ಸು ಬ್ರೇಕು ಹಾಕಿದ್ದಕ್ಕೆ ಇಬ್ಬರೂ ಉಳಿದರು. ಹುಡುಗಿಯನ್ನು ಆಟೋ ಹತ್ತಿಸಿ ಅವರು ಇಷ್ಟು ದೂರ ತಳ್ಳಿಕೊಂಡು ಬಂದಿದ್ದರು. ಬೈಯಲಿಲ್ಲ. ‘ಪಂಪಿನಲ್ಲಿ ಏನೋ ತೊಂದರೆ ಆಗಿರ್ಬೇಕು ಕೇಶವಣ್ಣ. ನೀವು ಡಿಪ್ ನೋಡಿದ್ದೀರಿ ಅಂದ್ಮೇಲೆ ಟ್ಯಾಂಕಿನಲ್ಲಿ ನೀರು ಇರೋಕೆ ಸಾಧ್ಯ ಇಲ್ಲ’ ಎಂದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಪೊಲೀಸರು ಬಂದು ಗುಂಪು ಚದುರಿಸಿದರು, ಬಂಕಿಗೆ ಹಗ್ಗ ಕಟ್ಟಿದರು. ಮೋಹನ್ ಕುಮಾರ್ ಓಡಿ ಬಂದವನು ಮಾಡಿಸಿದ ಮೊದಲ ಕೆಲಸ ಗುಂಡಿಯ ನೀರು ಎತ್ತಿ ಹಾಕಿಸಿದ್ದು. ಎರಡನೆಯದು, ಹರಿದ ರಬ್ಬರ್ ಕಿತ್ತು ಹೊಸದನ್ನು ಕೂರಿಸಿದ್ದು. ಮೂರು ತಿಂಗಳು ಸಿಗದ ರಬ್ಬರ್ ಹತ್ತು ನಿಮಿಷದಲ್ಲಿ ಸಿಕ್ಕಿತ್ತು. ಹಳೆಯದನ್ನು ಅವನೇ ಶೌಚಾಲಯದ ಹಿಂದಿನ ಕಸಕ್ಕೆ ಎಸೆದು ಬಂದದ್ದನ್ನು ಚನ್ನಕೇಶವ ನೋಡಿದ.

ಆಮೇಲೆ ಯಜಮಾನ ಅವನನ್ನು ಒಳಗೆ ಕರೆದು ಬಾಗಿಲು ಮುಂದಕ್ಕೆ ಹಾಕಿಕೊಂಡ. ಮೇಜಿನ ಮೇಲೆ ಒಂದು ಕಾಗದ ಸಿದ್ಧವಾಗಿತ್ತು.

‘ಕೇಶವಣ್ಣ, ಕಂಪನಿ ಆಫೀಸರ್ ಇನ್ನೊಂದು ಗಂಟೇಲಿ ಬರ್ತಾರೆ. ನೀರು ನಮ್ಮಿಂದ ಸೇರಿದ್ದು ಅಂತಾದ್ರೆ ಬಂಕು ಮುಚ್ಚಿಸ್ತಾರೆ. ನೀವೂ ಇಲ್ಲ, ನಾನೂ ಇಲ್ಲ, ಈ ಹನ್ನೊಂದು ಜನಾನೂ ಇಲ್ಲ. ಲಾರಿಯಿಂದ ಬಂತು ಅಂದ್ರೆ ಅದು ಟ್ರಾನ್ಸ್‌ಪೋರ್ಟಿನವರ ತಲೆನೋವು.’

ಕಾಗದದಲ್ಲಿ ಬರೆದಿದ್ದುದು ಇಷ್ಟು. ಮಂಗಳವಾರ ಲಾರಿಗೆ ಡಿಪ್ ಹಾಕಿದಾಗ ತಳದಲ್ಲಿ ಸ್ವಲ್ಪ ಬಣ್ಣ ತಿರುಗಿತ್ತು. ಡ್ರೈವರನ್ನು ಕೇಳಿದ್ದಕ್ಕೆ, ಅದು ಡಿಪೋದಲ್ಲಿ ಬಿದ್ದ ಮಳೆ ಹನಿ, ಏನೂ ಆಗಲ್ಲ ಎಂದ. ಹಳೆಯ ಪರಿಚಯ ಎಂದು ನಂಬಿ ಇಳಿಸಿಕೊಂಡೆ.

‘ಸಾರ್, ಬಾಳೇಶ ಹಂಗನ್ಲಿಲ್ಲ. ಬಣ್ಣಾನೂ ತಿರುಗಿರ್ಲಿಲ್ಲ.’

‘ಮತ್ತೆ ಬೆಳಿಗ್ಗೆ ಟ್ಯಾಂಕಿಗೆ ಹಾಕಿದ ಡಿಪ್‌ನಲ್ಲಿ ಯಾಕೆ ನೀರು ಕಾಣಿಸ್ಲಿಲ್ಲ? ಅದನ್ನ ಹೇಳಿ ಆಫೀಸರ್‌ಗೆ. ಲಾರೀದು ಅಂದ್ರೆ, ಪೆಟ್ರೋಲಲ್ಲಿ ಬೆರೆತು ಬಂತು, ಆಮೇಲೆ ತಳಕ್ಕೆ ಇಳೀತು ಅಂತಾದ್ರೂ ಹೇಳಬಹುದು.’

ಚನ್ನಕೇಶವನ ಕೈ ತಾನಾಗಿಯೇ ಅಂಗಿಯ ಜೇಬಿನ ಮೇಲೆ ಹೋಯಿತು. ಹಳೇ ಪೇಸ್ಟಿನ ಟ್ಯೂಬು ಅಲ್ಲೇ ಇತ್ತು. ಮೋಹನ್ ಕುಮಾರನಿಗೆ ಅದು ಗೊತ್ತಿರಲಿಲ್ಲ. ಆದರೆ ಚನ್ನಕೇಶವ ಬೇರೆ ಏನನ್ನೂ ಯೋಚಿಸದಾದ. ಆಫೀಸರ್ ಕೇಳುತ್ತಾನೆ, ಯಾವ ಪೇಸ್ಟು ಎಂದು. ಕೆಂಗೇರಿಯ ಡಿಪ್ ಕೇಶವಣ್ಣನಿಗೆ ಡಿಪ್ ಹಾಕಲು ಬರುವುದಿಲ್ಲ ಎಂದು ನಾಳೆ ಎಲ್ಲರೂ ಹೇಳುತ್ತಾರೆ. ಇನ್ನೊಂದು ಕಡೆ ಬಾಳೇಶ. ಲಾರಿಯಲ್ಲಿ ನೀರಿತ್ತು ಎಂದಾದರೆ ಅವನನ್ನು ಯಾವ ಡಿಪೋದ ಗೇಟಿನೊಳಗೂ ಬಿಡುವುದಿಲ್ಲ, ಪೆಟ್ರೋಲ್ ಕದ್ದು ನೀರು ಬೆರೆಸಿದ ಕಳ್ಳ ಎಂದು ಹೆಸರು ಬರೆದು ಇಟ್ಟುಬಿಡುತ್ತಾರೆ. ಇದೂ ಚನ್ನಕೇಶವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅವನು ಪೆನ್ನು ತೆಗೆದುಕೊಂಡು ಸಹಿ ಹಾಕಿದ. ಯಾರೂ ಅವನ ಕೈ ಹಿಡಿದು ಹಾಕಿಸಲಿಲ್ಲ.

ಆಫೀಸರ್ ಬಂದ. ಪಾಠ ಮಾಡಿ ಹೋಗಿದ್ದ ಅದೇ ಹುಡುಗ, ಈಗ ಸ್ವಲ್ಪ ಹೊಟ್ಟೆ ಬಂದಿತ್ತು. ಕಾಗದ ಓದಿದ, ಬಾಳೇಶನಿಗೆ ಫೋನ್ ಮಾಡಿಸಿದ. ಬಾಳೇಶ ಬೇರೆ ಲೋಡು ಇಳಿಸಿ ನಾಯಂಡಹಳ್ಳಿಯ ಹತ್ತಿರ ಇದ್ದವನು ಅರ್ಧ ಗಂಟೆಯೊಳಗೆ ಬಂದ. ಒಳಗೆ ಕಾಲಿಡುವಾಗಲೇ ಚನ್ನಕೇಶವನ ಮುಖ ನೋಡಿ, ‘ಯಾಕ್ರಿ ಅಣ್ಣಾರ, ಮೈಯಾಗ ಹುಷಾರಿಲ್ಲೇನ್ರಿ?’ ಎಂದು ಕೇಳಿದ. ಚನ್ನಕೇಶವ ಕ್ಯಾಲೆಂಡರ್ ಕಡೆ ತಿರುಗಿದ.

ಆಫೀಸರ್ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದ. ‘ಏನ್ರೀ ಇದು? ಮಳೆ ಹನಿ ಅಂದ್ರಾ ನೀವು?’

ಬಾಳೇಶ ಸಿಟ್ಟಾಗುತ್ತಾನೆ, ಕೂಗಾಡುತ್ತಾನೆ ಎಂದು ಮೋಹನ್ ಕುಮಾರ್ ಕುರ್ಚಿಯಲ್ಲಿ ನೆಟ್ಟಗೆ ಕೂತ. ಚನ್ನಕೇಶವನೂ ಅದನ್ನೇ ಕಾಯುತ್ತಿದ್ದ. ಕೂಗಾಡಿದರೆ ತಾನೂ ಕೂಗಬಹುದು, ಕೂಗಾಟದಲ್ಲಿ ಸುಳ್ಳು ಮುಚ್ಚಿಹೋಗುತ್ತದೆ ಎಂದು ಆಸೆ. ಬಾಳೇಶ ಕೂಗಲಿಲ್ಲ.

‘ನನಗ ನೆಪ್ಪಿಲ್ರಿ ಸಾಹೇಬ್ರ, ಹಂಗ ಅಂದದ್ದು. ಆದ್ರ ಅಣ್ಣಾರು ಬರದಾರ ಅಂದ್ರ ಅಂದಿರಬೇಕ್ರಿ ನಾ.’

‘ಅಂದ್ರೆ ನೀರಿತ್ತು ಅಂತ ಒಪ್ಕೋತೀರಾ?’

‘ಕೇಶವಣ್ಣಾರು ಡಿಪ್ ಹಾಕ್ಯಾರ್ರಿ. ಅವರು ಸುಳ್ಳು ಹೇಳೂದಿಲ್ರಿ. ದಾರ್‍ಯಾಗ ಊಟಕ್ಕಂತ ಗಾಡಿ ಒಂದ್ ಹದಿನೈದು ನಿಮಿಷ ನಿಲ್ಲಿಸಿದ್ದೆ. ನನ್ನ ಕ್ಲೀನರ್ ಗಾಡ್ಯಾಗ ಇದ್ದ. ಅವ ಏನಾರ ಮಾಡಿದ್ನೋ, ಯಾರಾರ ಮುಚ್ಚಳ ಮುಟ್ಟಿದ್ರೋ... ನಾನ ನೋಡ್ಲಿಲ್ರಿ. ತಪ್ಪು ನಂದ ಐತ್ರಿ.’ ಅವನು ಚನ್ನಕೇಶವನ ಕಡೆ ತಿರುಗಿ ಕೈ ಮುಗಿದ. ‘ನಿಮ್ಮ ಹೆಸರಿಗೆ ಕೆಟ್ಟದ್ ಬಂತ್ರಿ ಅಣ್ಣಾರ ನನ್ನಿಂದ. ತಪ್ಪಾತ್ರಿ.’

ಚನ್ನಕೇಶವ ಮುಗಿದ ಆ ಕೈಗಳನ್ನು ನೋಡಿದ. ಮಾಡದ ತಪ್ಪಿಗೆ ಮನುಷ್ಯನೊಬ್ಬ ತನ್ನೆದುರು ಕೈ ಮುಗಿಯುತ್ತಿದ್ದಾನೆ, ಯಾಕೆಂದರೆ ತನ್ನ ಡಿಪ್ ಸುಳ್ಳಾಗುವುದು ಅವನಿಗೆ ಊಹಿಸಲೂ ಆಗದು. ತನಗೆ ಬೇಕಾಗಿದ್ದುದು ಇದೇ ನಂಬಿಕೆ ತಾನೇ, ಇಷ್ಟು ವರ್ಷ. ತನ್ನ ಮೇಲೆ ತನಗೇ ಹೇಸಿಗೆ ಹುಟ್ಟಿತು.

ಆಫೀಸರ್ ಬರೆಯಲು ಪೆನ್ನಿನ ಮುಚ್ಚಳ ತೆಗೆದ. ‘ಕೊನೇದೊಂದು ಪ್ರಶ್ನೆ. ಬೆಳಿಗ್ಗೆ ಡಿಪ್‌ಗೆ ಯಾವ ಪೇಸ್ಟ್ ಹಚ್ಚಿದ್ರಿ?’

ಬಾಗಿಲಲ್ಲಿ ನಿಂತಿದ್ದ ಕುಸುಮಾ ಥಟ್ಟನೆ ಹೇಳಿದಳು. ‘ಹೊಸ ಪೇಸ್ಟೇ ಸಾರ್. ನಾನೇ ತಂದುಕೊಟ್ಟೆ.’

ಅವಳು ಚನ್ನಕೇಶವನ ಮುಖ ನೋಡಲಿಲ್ಲ. ಬೆಳಿಗ್ಗೆ ಅಷ್ಟು ಬೈಸಿಕೊಂಡವಳು, ಈಗ ಅವನಿಗಾಗಿ ಸುಳ್ಳು ಹೇಳಿ ನಿಂತಿದ್ದಳು. ಇನ್ನು ಒಂದು ಮಾತು, ಹೌದು ಎಂದರೆ ಮುಗಿಯಿತು. ಚನ್ನಕೇಶವ ಜೇಬಿಗೆ ಕೈ ಹಾಕಿ, ಹಿಂಡಿ ಹಿಂಡಿ ಚಪ್ಪಟೆಯಾಗಿದ್ದ ಟ್ಯೂಬನ್ನು ತೆಗೆದು ಮೇಜಿನ ಮೇಲಿಟ್ಟ.

‘ಇದು ಸಾರ್. ಹಳೇದು. ಒಂದೂವರೆ ವರ್ಷದಿಂದ ಇದನ್ನೇ ಹಚ್ತಾ ಇದೀನಿ. ಹುಡುಗಿ ನನ್ನ ಉಳಿಸೋಕೆ ಹೇಳ್ತಾ ಇದಾಳೆ, ಅವಳನ್ನ ಬಿಟ್ಬಿಡಿ. ಬೆಳಿಗ್ಗೆ ಅವಳೇ ಹೇಳಿದ್ಲು, ಹೊಸದು ಹಚ್ಚಿ ಅಂತ. ನಾನು ಕೇಳ್ಲಿಲ್ಲ.’

‘ಕೇಶವಣ್ಣ!’ ಮೋಹನ್ ಕುಮಾರ್ ಎದ್ದು ನಿಂತ.

‘ಕೂತ್ಕೊಳಿ ಸಾರ್. ಆ ಕಾಗದ ಸುಳ್ಳು. ಬಾಳೇಶ ಮಳೆ ಹನಿ ಅನ್ಲಿಲ್ಲ, ಬಣ್ಣಾನೂ ತಿರುಗಿರ್ಲಿಲ್ಲ. ನೀರು ಬಂದಿದ್ದು ಗುಂಡಿಯಿಂದ. ಹರಿದ ರಬ್ಬರ್ ಶೌಚಾಲಯದ ಹಿಂದೆ ಕಸದಲ್ಲಿ ಬಿದ್ದಿದೆ. ಕುಸುಮಾ, ತಗೊಂಡ್ ಬಾಮ್ಮ.’

ಅವಳು ತಂದಳು. ಆಫೀಸರ್ ಆ ಕಪ್ಪು ರಬ್ಬರನ್ನು, ಟ್ಯೂಬನ್ನು, ಕಾಗದವನ್ನು ಸಾಲಾಗಿ ಇಟ್ಟು ಫೋಟೋ ತೆಗೆದ. ಆಮೇಲೆ ತಲೆಯೆತ್ತಿ ಕೇಳಿದ. ‘ಹಾಗಾದ್ರೆ ಲಾರಿಗೂ ಇದೇ ಪೇಸ್ಟ್ ಹಚ್ಚಿದ್ದು?’

‘ಹೌದು ಸಾರ್.’

‘ಅಂದ್ಮೇಲೆ ಲಾರೀಲಿ ನೀರಿರಲಿಲ್ಲ ಅಂತ ನೀವು ಹೇಗೆ ಹೇಳ್ತೀರಿ?’

ಚನ್ನಕೇಶವ ಕಾಗದದ ಮೇಲಿನ ತನ್ನ ಸಹಿಯನ್ನು ನೋಡಿದ. ಇಷ್ಟು ಹೊತ್ತು ಬಾಳೇಶನನ್ನು ಸಿಕ್ಕಿಸಲು ಅವನ ಒಂದು ಸಹಿ ಸಾಕಾಗಿತ್ತು. ಈಗ ಬಿಡಿಸಲು ನೋಡಿದರೆ ಅವನ ಮಾತಿಗೆ ಬೆಲೆಯಿಲ್ಲ. ಅವನು ಬಾಳೇಶನ ಕಡೆ ನೋಡಿದ. ಬಾಳೇಶ ಮೇಜಿನ ಮೇಲಿನ ಟ್ಯೂಬನ್ನೇ ನೋಡುತ್ತಿದ್ದ.

ಮಂಗಳವಾರ ಸೀಲು ಹಾಕಿಟ್ಟ ಸ್ಯಾಂಪಲ್ ಬಾಟ್ಲಿಯೊಂದೇ ಉಳಿದಿದ್ದ ದಾರಿ. ಆಫೀಸರ್ ಅದನ್ನು ಪರೀಕ್ಷೆಗೆ ಕಳಿಸಿದ. ಫಲಿತಾಂಶ ಬರುವವರೆಗೆ ಬಾಳೇಶನ ಲಾರಿ ನಿಂತಲ್ಲೇ ನಿಲ್ಲಬೇಕು ಎಂದು ಹೇಳಿ ಹೋದ.

ಅದಕ್ಕೆ ಮೂರು ದಿನ ಹಿಡಿಯಿತು. ಆ ಮೂರು ದಿನ ಚನ್ನಕೇಶವನ ಮನೆಯಲ್ಲಿ ಯಾರೂ ಡಿಪ್ ಎಂಬ ಮಾತು ಆಡಲಿಲ್ಲ. ವೆಂಕಟಲಕ್ಷ್ಮಮ್ಮ ಅಕ್ಕಿ ಡ್ರಮ್ಮಿನೊಳಗೆ ಕೈ ಹಾಕಿ ನೋಡಿ, ‘ಅಕ್ಕಿ ಆಗೋಯ್ತು’ ಎಂದಷ್ಟೇ ಹೇಳಿದಳು. ದಿವ್ಯ ಫೋನ್ ಮಾಡಿ ಮಗುವಿನ ವಿಚಾರವೆಲ್ಲ ಮಾತಾಡಿ, ಅಪ್ಪನನ್ನು ಏನೂ ಕೇಳದೆ ಇಟ್ಟುಬಿಟ್ಟಳು. ಅವನು ಬಾಳೇಶನಿಗೆ ಐದಾರು ಸಲ ಫೋನ್ ಮಾಡಿದ. ಬಾಳೇಶ ಎತ್ತಲಿಲ್ಲ. ಮೂರನೆಯ ದಿನ ಸಂಜೆ ವೆಂಕಟಲಕ್ಷ್ಮಮ್ಮ ತಾನಾಗಿಯೇ, ‘ನೀವು ನಿಜ ಹೇಳಿದ್ರಲ್ಲ, ಅಷ್ಟು ಸಾಕು ಬಿಡಿ’ ಎಂದಳು.

‘ಸಹಿ ಹಾಕಿದ ಮೇಲೆ ಹೇಳಿದ್ದು ಕಣೇ’ ಎಂದ ಅವನು.

ಸ್ಯಾಂಪಲ್ ಶುದ್ಧವಾಗಿತ್ತು. ಲಾರಿಯನ್ನು ಬಿಟ್ಟರು. ಬಂಕು ಮುಚ್ಚಲಿಲ್ಲ, ದಂಡ ಹಾಕಿ, ಟ್ಯಾಂಕು ತೊಳೆಸಿ, ಎಚ್ಚರಿಕೆ ಕೊಟ್ಟರು. ಚನ್ನಕೇಶವನನ್ನು ಕೆಲಸದಿಂದ ತೆಗೆಯಲಿಲ್ಲ, ಕೋಲು ಮಾತ್ರ ಮುಟ್ಟಬಾರದು ಎಂದು ಬರೆದುಕೊಟ್ಟರು. ಡಿಪ್ ಕುಸುಮಾಳ ಪಾಲಿಗೆ ಬಂತು. ಬಂಕು ಮತ್ತೆ ತೆರೆದ ಬೆಳಿಗ್ಗೆ ಅವಳು ಹೊಸ ಪೇಸ್ಟ್ ಸವರಿ, ಕೋಲು ಇಳಿಸಿ, ತುಟಿಯಲ್ಲೇ ಎಣಿಸುತ್ತ ಕಾದಳು. ಮೇಲೆಳೆದು, ‘ನೋಡಿ ಅಣ್ಣ, ಸರಿ ಇದೆಯಾ?’ ಎಂದು ಅವನೆದುರು ಹಿಡಿದಳು.

‘ನನ್ನ ಕೇಳ್ಬೇಡಮ್ಮ. ಅನುಮಾನ ಬಂದ್ರೆ ಇನ್ನೊಂದ್ಸಲ ಇಳಿಸು.’

ಅವಳು ಇನ್ನೊಂದು ಸಲ ಇಳಿಸಿದಳು. ಆಮೇಲೆ, ‘ನೀರಿಲ್ಲ’ ಎಂದಳು, ಕೂಗದೆ.

ಅದೇ ಮಧ್ಯಾಹ್ನ ಬಾಳೇಶ ಲೋಡು ತಂದ. ಚನ್ನಕೇಶವ ಎದುರಿನ ಅಂಗಡಿಗೆ ಹೋಗಿ ತಾನೇ ಎರಡು ಟೀ ಹೇಳಿ ನಿಂತಿದ್ದ. ಬಾಳೇಶ ಕ್ಯಾಬಿನ್ನಿನಿಂದ ಇಳಿದು, ರಸ್ತೆ ದಾಟಿ ಬಂದು, ಸ್ವಲ್ಪ ದೂರದಲ್ಲಿ ನಿಂತ. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ.

‘ತಪ್ಪಾಯ್ತು ಬಾಳೇಶಾ’ ಎಂದ ಚನ್ನಕೇಶವ.

‘ಇರ್ಲಿ ಬಿಡ್ರಿ ಅಣ್ಣಾರ. ನೀವು ನನ್ನ ಕಳ್ಳ ಅಂದದ್ದು ನನಗ ಮನಸಿಗೆ ಅಷ್ಟೊಂದು ಹತ್ತಲಿಲ್ರಿ. ಅವತ್ತ ಅಲ್ಲಿ ನಿಂತು, ನಾ ಕಳ್ಳ ಇದ್ರೂ ಇರಬಹುದು ಅಂತ ನಾನ ನಂಬಿಬಿಟ್ಟಿದ್ದೆ ನೋಡ್ರಿ. ಬಾಟ್ಲಿ ಪರೀಕ್ಷಾ ಬರೂದ್ಕಿಂತ ಮೊದ್ಲ ಮನೀಗ್ಹೋಗಿ ಕ್ಲೀನರ್ ಹುಡುಗನ್ನ ಕಪಾಳಕ್ಕ ಹೊಡದೆ. ಅವ ಅಳಕೋತ ಊರಿಗೆ ಹ್ವಾದ. ಇನ್ನೂ ಬಂದಿಲ್ರಿ.’

ಚನ್ನಕೇಶವ ಟೀ ಲೋಟ ಮುಂದೆ ಹಿಡಿದ. ಬಾಳೇಶ ತೆಗೆದುಕೊಂಡ, ಎರಡು ಗುಟುಕು ಕುಡಿದು ಬೆಂಚಿನ ಮೇಲಿಟ್ಟ. ಅಷ್ಟರಲ್ಲಿ ಕುಸುಮಾ ಕೋಲು ಹಿಡಿದು ಲಾರಿಯ ಏಣಿ ಹತ್ತಲು ಶುರು ಮಾಡಿದ್ದಳು.

‘ಒಂದ್ ನಿಮಿಷ ನಿಲ್ಲವಾ’ ಎಂದು ಕೂಗಿ ಬಾಳೇಶ ರಸ್ತೆ ದಾಟಿದ. ಚಪ್ಪಲಿ ಕಳಚಿಟ್ಟು, ಅವಳ ಹಿಂದೆಯೇ ಏಣಿ ಹತ್ತಿದ. ಮೇಲೆ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕೋಲು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಬಗ್ಗಿ ನೋಡಿದ. ಹನ್ನೆರಡು ವರ್ಷದಲ್ಲಿ ಅವನು ಡಿಪ್ ನೋಡಲು ಲಾರಿ ಹತ್ತಿದ್ದು ಅದೇ ಮೊದಲು. ಕೆಳಗೆ ಚನ್ನಕೇಶವ ಎರಡು ಲೋಟಗಳ ಮುಂದೆ ನಿಂತಿದ್ದ.